ಹುರಿಯದ ಮಣ್ಣು

ಅಣ್ಣ ಸೈನ್ಯ ಕಟ್ಟುತ್ತಿದ್ದ, ತಂಗಿ ನೆಲ ಕಟ್ಟುತ್ತಿದ್ದಳು. ಮೇಜಿನ ಮೇಲೆ ದಾಳ ಉರುಳಿಸಿ ಆಡುವ ಯುದ್ಧದಾಟಕ್ಕೆ ಹೆಬ್ಬೆರಳುದ್ದದ ಸೈನಿಕರು ಬೇಕಲ್ಲ, ಅವರಿಗೆ ಬಣ್ಣ ಹಚ್ಚುವುದು ಅವನ ಹುಚ್ಚು. ಅವರ ಕಾಲಡಿಯ ದುಂಡು ಬಿಲ್ಲೆಯ ಮೇಲೆ ಮಣ್ಣು, ಕಲ್ಲು, ತೊಗಟೆಯ ಚೂರು ಅಂಟಿಸಿ ಅದನ್ನು ರಣರಂಗ ಮಾಡುವುದು ಇವಳದು. "ನಾನು ಬರೀ ಸೇನಾಪತಿ ಕಣೆ ಪುಟ್ಟಿ. ದೇಶ ಇರೋದು ನಿನ್ನ ಕೈಲಿ" ಎಂದು ಅವನು ರೇಗಿಸುತ್ತಿದ್ದ. ಇಬ್ಬರದೂ ತಲೆ ನರೆತಿತ್ತು. "ಮಣ್ಣಾಟ ಬಿಡೋ ವಯಸ್ಸು ನಿಮಗೆ ಯಾವಾಗ ಬರುತ್ತೋ" ಎಂದು ಅತ್ತಿಗೆ ಗೊಣಗುತ್ತಲೇ ಇಬ್ಬರ ಮುಂದೆಯೂ ಚಹಾ ತಂದಿಡುತ್ತಿದ್ದಳು.

ಆ ವಯಸ್ಸು ಬರಲಿಲ್ಲ, ಲಕ್ವ ಬಂತು. ಒಂದು ಬೆಳಿಗ್ಗೆ ಅಣ್ಣನ ಬಲಗೈ ಬಿದ್ದುಹೋಯಿತು. ಕಣ್ಣಿಗೂ ಮಬ್ಬು ಕವಿಯಿತು. ಎದುರಿಗಿರುವುದು ಬಿಳಿಯೋ ಕಪ್ಪೋ ಅನ್ನುವಷ್ಟು ಮಾತ್ರ ಕಾಣುತ್ತಿತ್ತು. ಆ ಹೊತ್ತಿಗೆ ನೀಲಿ ಅಂಗಿಯ ಒಂದು ದಂಡನ್ನು ಅವನು ಮುಗಿಸಿದ್ದ. ಅವರ ದಳಪತಿಯೊಬ್ಬನಿಗೆ ಮಾತ್ರ ಮುಖ, ಅಂಗಿ ಆಗಿ ಕತ್ತಿ ಬಾಕಿಯಿತ್ತು. ಆ ಕೈಯಿಂದ ಇನ್ನು ಹೊಸ ಬಣ್ಣ ಹುಟ್ಟುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಇದ್ದಷ್ಟನ್ನು ಕಾಪಾಡುವುದೇ ಉಳಿದದ್ದು.

ಆಸ್ಪತ್ರೆಯಲ್ಲಿ ತೊದಲು ಮಾತು ಮರಳಿದಾಗ ಅವನು ಕೇಳಿದ್ದು ಒಂದೇ. "ಅವರನ್ನ ನಮ್ಮ ಹಿತ್ತಲ ಮಣ್ಣಲ್ಲಿ ನಿಲ್ಲಿಸೇ ಪುಟ್ಟಿ."

ಚಿಕ್ಕಂದಿನ ಬಾಡಿಗೆ ಮನೆಯ ಹಿತ್ತಲು ಅದು. ಅಲ್ಲೇ ಇಬ್ಬರೂ ಜೇಡಿಯಲ್ಲಿ ಸಿಪಾಯಿಗಳನ್ನು ಮೆತ್ತಿ, ಜಗಳವಾಡಿ, ಅವುಗಳ ತಲೆ ಮುರಿದಿದ್ದರು. ತಂಗಿ ಹೋದಾಗ ಕಾರು ನಿಲ್ಲಿಸಲೆಂದು ಕಾಂಕ್ರೀಟು ಹಾಕಲು ಅದನ್ನು ಅಗೆದಿದ್ದರು. ಮೇಸ್ತ್ರಿಯ ಕೈಕಾಲು ಹಿಡಿದು ಒಂದು ಡಬ್ಬಿ ತುಂಬಿಸಿಕೊಂಡು ಬಂದಳು. ಮಣ್ಣು ಹಸಿಯಾಗಿತ್ತು, ಕಡುಗೆಂಪಾಗಿತ್ತು.

ಮಣ್ಣನ್ನು ಬಾಣಲೆಯಲ್ಲಿ ಚೆನ್ನಾಗಿ ಹುರಿಯದೆ ಬಿಲ್ಲೆಗೆ ಹಾಕಬಾರದು. ಈ ಕೆಲಸದ ಮೊದಲ ಪಾಠವೇ ಅದು, ಹೊಸಬರಿಗೆಲ್ಲ ಇವಳೇ ಹೇಳಿಕೊಡುತ್ತಿದ್ದಳು. "ಹುರಿಯದ ಮಣ್ಣಿಗೆ ಜೀವ ಇರುತ್ತೆ, ಅದು ಸುಮ್ನೆ ಕೂರಲ್ಲ" ಅನ್ನುತ್ತಿದ್ದಳು. ಅಂದೂ ಒಂದು ಹಿಡಿ ಹುರಿದಳು. ಕೆಂಪು ಇಳಿದು ಮಂಕಾಯಿತು, ವಾಸನೆ ಹಾರಿಹೋಯಿತು. ಯಾವ ಊರಿನದೋ ಯಾರ ಮನೆಯದೋ ಎಂಬಂಥ ಧೂಳು ಬಾಣಲೆಯಲ್ಲಿ ಉಳಿಯಿತು. ಅವಳಿಗೆ ಅಳು ಒತ್ತರಿಸಿ ಬಂತು. ಒಲೆ ಆರಿಸಿ, ಮಿಕ್ಕ ಮಣ್ಣನ್ನು ಹಸಿಹಸಿಯಾಗಿಯೇ ಅಂಟಿನ ಮೇಲೆ ಒತ್ತಿದಳು. ಅಣ್ಣ ಮನೆಗೆ ಬರುವಷ್ಟರಲ್ಲಿ ದಂಡು ಸಿದ್ಧವಿರಲೆಂದು, ಆರಲೂ ಬಿಡದೆ ಗಾಜಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದಳು. ಊರಿಗೆಲ್ಲ ಬುದ್ಧಿ ಹೇಳುವವಳು ತನ್ನ ಸರದಿ ಬಂದಾಗ ಮಾಡಿದ್ದು ಇದು. ದಳಪತಿಗೆ ಮಾತ್ರ ಮಣ್ಣು ಸಾಲಲಿಲ್ಲ. ಅಂಗಡಿಯ ಒಣ ಮರಳು ಹಾಕಿ ಅವನನ್ನು ಪೆಟ್ಟಿಗೆಯ ಹೊರಗೆ, ಕಪಾಟಿನ ಮೇಲೆ ನಿಲ್ಲಿಸಿದಳು.

ಅಣ್ಣ ಮನೆಗೆ ಬಂದ, ಮಳೆಯ ದಿನಗಳು ಕಳೆದವು. ಒಂದು ಮಧ್ಯಾಹ್ನ ಪೆಟ್ಟಿಗೆ ಒರೆಸಲು ಹೋದ ತಂಗಿ ನಿಂತಲ್ಲೇ ನಿಂತಳು. ಬಿಲ್ಲೆಗಳ ಮೇಲೆ ಬೂಷ್ಟು ಹತ್ತಿಯಂತೆ ಉಬ್ಬಿತ್ತು, ಸೈನಿಕರ ಮೊಣಕಾಲು ಹತ್ತಿತ್ತು. ಒಬ್ಬನನ್ನು ಹೊರತೆಗೆದು ಮೆತ್ತಗಿನ ಕುಂಚದಿಂದ ಸವರಿದಳು. ಬೂಷ್ಟಿನ ಜೊತೆ ಬೂಟಿನ ಬಣ್ಣವೂ ಪೊರೆಯಾಗಿ ಎದ್ದು ಬಂತು. ಅಣ್ಣ ಉಸಿರು ಬಿಗಿಹಿಡಿದು ಎಳೆದಿದ್ದ ಗೆರೆ ಕುಂಚದ ತುದಿಯಲ್ಲಿತ್ತು. ಇಟ್ಟರೆ ಬೂಷ್ಟು ತಿನ್ನುತ್ತದೆ, ಒರೆಸಿದರೆ ಕುಂಚ ತಿನ್ನುತ್ತದೆ. ಲಕ್ವ ಒಮ್ಮೆ ಕೊಂದಿದ್ದ ಅಣ್ಣನ ಕೈಯನ್ನು ತಾನು ಎರಡನೇ ಸಲ ಕೊಂದೆನೆಂದು ಅವಳಿಗೆ ಅನ್ನಿಸಿತು.

"ಏನೇ ಮಾಡ್ತಿದೀಯ?" ಹಾಸಿಗೆಯಿಂದ ಅಣ್ಣ ಕೇಳಿದ. "ಹತ್ರ ತಾ, ನೋಡೋಣ."

ಅತ್ತಿಗೆ ಬಂದು ಪೆಟ್ಟಿಗೆಯೊಳಗೆ ಇಣುಕಿದಳು. ನಾದಿನಿಯ ಮುಖ ನೋಡಿದಳು. ಅವಳೇ ಒಂದು ಕಡೆ ಹಿಡಿದು ಪೆಟ್ಟಿಗೆಯನ್ನು ಹಾಸಿಗೆಯ ಪಕ್ಕದ ಸ್ಟೂಲಿಗೆ ತಂದಳು.

ಅಣ್ಣ ಮೂಗು ತಾಗುವಷ್ಟು ಬಾಗಿ ನೋಡಿದ. "ಅರೆ, ಹಿಮ ಹಾಕಿದೀಯ!"

"ಹೂಂ ಅಣ್ಣ."

"ಕೆಂಪು ಮಣ್ಣಿನ ಮೇಲೆ ಹಿಮ. ನನಗೆ ಹೊಳೀತಾನೇ ಇರ್ಲಿಲ್ಲ ನೋಡು. ಮಣ್ಣು ಹುರಿದೇ ಹಾಕಿದೀಯ ತಾನೆ?"

"ಹುರಿದೆ."

"ನಿನಗೆ ನಾನು ಹೇಳ್ಬೇಕಾ, ಬಿಡು" ಎಂದು ಅವನು ಸೊಟ್ಟ ಬಾಯಲ್ಲಿ ನಕ್ಕ. ಕಾಯಿಲೆ ಬಿದ್ದಮೇಲೆ ಅವನು ನಕ್ಕದ್ದು ಅದೇ ಮೊದಲು. ಆಮೇಲೆ ಎಡಗೈ ಎತ್ತಿ ಕಪಾಟಿನ ಕಡೆ ತೋರಿಸಿದ. "ದಳಪತಿ ಅಲ್ಲೇ ಇದಾನಾ? ಅವನ ಕಾಲಡೀಗೂ ಹಿಮ ಹಾಕಿ ಒಳಗಿಡು. ತನ್ನವರೆಲ್ಲ ಚಳೀಲಿ ನಿಂತಿರುವಾಗ ಇವನೊಬ್ಬ ಬೆಚ್ಚಗೆ ಇರಬಾರ್ದು."

"ಅವನ ಕತ್ತಿ ಇನ್ನೂ ಬಾಕಿ ಅಣ್ಣ. ಹೊರಗೇ ಇರ್ಲಿ."

"ಯಾರು ಹಚ್ತಾರೆ ಅದನ್ನ? ಇಡು ಒಳಗೆ."

ಅವಳು ಸೋಡಾಪುಡಿಗೆ ಅಂಟು ಕಲಸಿ, ದಳಪತಿಯ ಕಾಲ ಸುತ್ತ ಹಿಮ ಹಚ್ಚಿದಳು. ಕೆಲಸ ಬಲ್ಲ ಕೈ ಅದು. ಅವನೊಬ್ಬನೇ ಚೊಕ್ಕಟವಾಗಿ ಉಳಿದಿದ್ದ, ಅಂಗಿಯ ಗುಂಡಿಗಳೂ ಹೊಳೆಯುತ್ತಿದ್ದವು. ಗಾಜಿನ ಬಾಗಿಲು ತೆರೆದೊಡನೆ ಮುಗ್ಗು ವಾಸನೆ ಕೋಣೆಗೆಲ್ಲ ಹರಡಿತು.

ಅಣ್ಣ ಕಣ್ಣು ಮುಚ್ಚಿ ಉಸಿರೆಳೆದುಕೊಂಡ. "ನಮ್ಮ ಹಿತ್ತಲೇ ಕಣೆ" ಎಂದ.

ತಂಗಿ ದಳಪತಿಯನ್ನು ಅವನವರ ನಡುವೆ ನಿಲ್ಲಿಸಿ ಬಾಗಿಲು ಮುಚ್ಚಿದಳು.