ಜನರಲ್ ಸಾಹೇಬರ ಸೊಂಟದ ಅಳತೆ

“ನನ್ನ ಕೋಟನ್ನೇ ಕುಗ್ಗಿಸಿದ್ದೀಯ, ಅಯೋಗ್ಯ. ಯಾರು ಹೇಳಿಕೊಟ್ಟರು?”

“ಒಗೆದು ಇಸ್ತ್ರಿ ಮಾಡಿದ್ದಷ್ಟೆ, ಸಾಹೇಬರೇ.”

“ಮತ್ತೆ ಗುಂಡಿ ಯಾಕೆ ಕೂರಲ್ಲ? ಹೊರಗೆ ಇಡೀ ಸೈನ್ಯ ಬಿಸಿಲಲ್ಲಿ ನಿಂತಿದೆ. ಬನಿಯನ್ನಲ್ಲಿ ಹೋಗಿ ಸಲ್ಯೂಟ್ ತಗೊಳ್ಳಲಾ?”

ಜನರಲ್ ಬರಾಂಗೊಗೂ ಅವನ ದರ್ಜಿಗೂ ಈ ಜಗಳ ನನ್ನಿಂದಲೇ. ನಾನೇ ಆ ಕೋಟು. ನಮ್ಮ ಆಫ್ರಿಕದ ನಾಡಿಗೆ ಸ್ವಾತಂತ್ರ್ಯ ಬಂದ ವಾರ, ಬಿಳಿಯರು ಉಗ್ರಾಣದಲ್ಲಿ ಬಿಟ್ಟುಹೋದ ಖಾಕಿ ಬಟ್ಟೆಯಿಂದ ದರ್ಜಿ ಸಲೂಮು ನನ್ನನ್ನು ಹೊಲಿದ. ಆಗ ಬರಾಂಗೊ ಬಡಕಲು ಲೆಫ್ಟಿನೆಂಟ್. ಸಲೂಮನ ಅಂಗಡಿಯ ಬೆಂಚಿನ ಮೇಲೇ ಉಣ್ಣುತ್ತಿದ್ದ. ಎರಡೇ ವರ್ಷ. ನನ್ನನ್ನು ತೊಟ್ಟುಕೊಂಡು ರೇಡಿಯೊ ನಿಲಯಕ್ಕೆ ನುಗ್ಗಿ, ಇನ್ನು ಆಳುವವನು ನಾನು ಎಂದು ಸಾರಿದ. ಪ್ರಧಾನಿಯನ್ನು ಎಲ್ಲಿ ಹೂತರೋ ನನಗೆ ಗೊತ್ತಿಲ್ಲ. ನನ್ನ ತೋಳಿಗೆ ಅಂಟಿದ್ದ ರಕ್ತವನ್ನು ಸಲೂಮು ಏನೂ ಕೇಳದೆ ಉಪ್ಪು ಹಾಕಿ ತಿಕ್ಕಿ ತೆಗೆದ.

ಇದೇ ಕೋಟಿನಲ್ಲಿ ಗೆದ್ದೆ, ಇದೇ ಇರಲಿ ಎಂದು ಬರಾಂಗೊ ಹಟ ಹಿಡಿದ. ಆದರೆ ಕೂತು ತಿಂದು ಊದತೊಡಗಿದ. ವರ್ಷಕ್ಕೊಮ್ಮೆ ದರ್ಜಿ ಅಳತೆ ಹಿಡಿದು ಅಂಕಿ ಕೂಗಬೇಕು, ಕಾವಲಿನ ಕ್ಯಾಪ್ಟನ್ ಪುಸ್ತಕದಲ್ಲಿ ಬರೆಯಬೇಕು. ಮೊದಲ ಸಲ ಟೇಪು ಮೂವತ್ತೆಂಟು ತೋರಿಸಿತು. ಬರಾಂಗೊನ ಮುಖ ನೋಡಿದ ಸಲೂಮು “ಮೂವತ್ತಾರು” ಎಂದು ಕೂಗಿದ. ಆಮೇಲೆ ಪ್ರತಿ ವರ್ಷವೂ ಮೂವತ್ತಾರೇ. ಒಳ್ಳೆಯ ದರ್ಜಿ ಹೊಲಿಗೆಯೊಳಗೆ ಒಂದಿಷ್ಟು ಬಟ್ಟೆ ಮಡಿಸಿ ಬಿಟ್ಟಿರುತ್ತಾನೆ. ಸಲೂಮು ಸದ್ದಿಲ್ಲದೆ ಅದನ್ನು ಬಿಚ್ಚಿ ನನ್ನನ್ನು ಸಡಿಲಿಸುತ್ತ ಬಂದ. ಈ ವರ್ಷ ಬಿಚ್ಚಲು ಏನೂ ಉಳಿದಿರಲಿಲ್ಲ.

ಕ್ಯಾಪ್ಟನ್ ಪುಸ್ತಕ ತೆರೆದ. “ಐದು ವರ್ಷದಿಂದ ಮೂವತ್ತಾರೇ, ಸಾರ್.”

“ಕೇಳಿದೆಯಾ? ನಾನು ಇದ್ದ ಹಾಗೇ ಇದ್ದೀನಿ. ಅಂದರೆ ಜನರೆದುರು ನನ್ನ ಮಾನ ಕಳೆಯೋಕೆ ನೀನು ಸಂಚು ಮಾಡಿದ್ದೀಯ.”

ಸಂಚು ಎಂದರೆ ಗುಂಡೇಟು. ನನ್ನ ಒಂದೊಂದು ಹೊಲಿಗೆಗೂ ನಿಜ ಗೊತ್ತು, ಹೇಳುವುದಕ್ಕೆ ಬಾಯಿಲ್ಲ. ಥೂ, ಇದೂ ಒಂದು ಜನ್ಮವೇ.

“ತಮ್ಮಾ, ಕೋಟು ಕುಗ್ಗಿಲ್ಲ,” ಎಂದ ಸಲೂಮು. “ನಿನಗೆ ಹೊಟ್ಟೆ ಬಂದಿದೆ. ನಲವತ್ತನಾಲ್ಕು ಇಂಚು. ನಿನಗೆ ಹೆದರಿ ಸುಳ್ಳು ಹೇಳ್ತಾ ಬಂದೆ.”

ಬರಾಂಗೊ ಕ್ಯಾಪ್ಟನ್ ಕಡೆ ತಿರುಗಿದ. “ನನಗೆ ಹೊಟ್ಟೆ ಇದೆಯಾ?”

“ಇಲ್ಲ, ಸಾರ್.”

“ಹಾಗಾದರೆ ಇವನನ್ನ ಕರಕೊಂಡು ಹೋಗು.”

ಮುಂದೆ ಬರಾಂಗೊನನ್ನೂ ಇನ್ನೊಬ್ಬ ಖಾಕಿ ಕೋಟಿನವನು ಗದ್ದುಗೆಯಿಂದ ಇಳಿಸಿದ. ನಾನೀಗ ಮೂಲೆಯ ಮೊಳೆಗೆ ನೇತುಬಿದ್ದಿದ್ದೇನೆ, ನುಸಿ ತಿನ್ನುತ್ತಿದೆ. ತಿನ್ನಲಿ. ಕಣ್ಣಿಗೆ ಕಟ್ಟಿದಂತಿರುವುದು ಅವತ್ತು ಸಲೂಮು ಹೊರಟ ಆ ಬಾಗಿಲೊಂದೇ.

“ತೋಳು ಹಿಡೀಬೇಡಪ್ಪ, ನಾನೇ ನಡೀತೀನಿ,” ಎಂದ ಸಲೂಮು. ನಡೆದ.

ಕ್ಯಾಪ್ಟನ್ ಒಬ್ಬನೇ ವಾಪಸು ಬಂದ.