ಲಾರಿ ಆಟಕ್ಕೆ ಬೇಕಾದ ಕಾರ್ಡು

ನನ್ನ ಹೆಂಡತಿ ಅಮರಮ್ಮ ಲಿಂಗೈಕ್ಯಳಾಗಿ ಮೂರು ತಿಂಗಳಾಗಿತ್ತು. ತೆಲಂಗಾಣ ಬೇರೆ ರಾಜ್ಯವಾದ ವರ್ಷದ ಮಾತು. ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡು ಹಾಕಿಸಲು ನಾನು ಮಗಳು ಗಂಗಾಂಬಿಕಾಳನ್ನು ಕರೆದುಕೊಂಡು ಮಕ್ತಲದಿಂದ ಗದ್ವಾಲಕ್ಕೆ ಹೋದೆ. ಕಂಪ್ಯೂಟರಿನ ಡಬ್ಬಿಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡಿದ್ದೆ.

ಶ್ರಾವಣ ಸೋಮವಾರದ ಪೂಜೆಯಲ್ಲಿ ಅಮರಮ್ಮ ಹಾಡಿದ್ದನ್ನು ನೆರೆಮನೆಯ ಶಂಕ್ರಮ್ಮ ಫೋನಿನಲ್ಲಿ ವಿಡಿಯೋ ಹಿಡಿದಿದ್ದಳು. ಹೊಸ ಫೋನು ಕೊಳ್ಳುವಾಗ ಅದನ್ನು ಪೆನ್‌ಡ್ರೈವಿಗೆ ಹಾಕಿಸಿ ನಮಗೆ ಕೊಟ್ಟಳು. ನಮ್ಮ ಹಳೆಯ ಕಂಪ್ಯೂಟರಿನಲ್ಲಿ ಮುಖ ನಿಂತುಬಿಡುತ್ತಿತ್ತು, ದನಿ ಹರಿದುಹೋಗುತ್ತಿತ್ತು. ಅರ್ಧಕ್ಕಿಂತ ಮುಂದೆ ಯಾರೂ ನೋಡಿರಲಿಲ್ಲ.

ಅವ್ವನ ವಿಡಿಯೋಗಾಗಿ ಕಾರ್ಡು ಬೇಕೆಂದು ಮಗಳಿಗೆ ಹೇಳಿದ್ದೆ. ಅದು ಪೂರ್ತಿ ನಿಜವಲ್ಲ. ನನಗೆ ಕಂಪ್ಯೂಟರಿನಲ್ಲಿ ಲಾರಿ ಓಡಿಸುವ ಒಂದು ಆಟದ ಚಟವಿತ್ತು. ಲಿಂಗಪೂಜೆಗೆ ಕೂತರೆ ಅಮರಮ್ಮನ ಮುಖ ಬಂದು ಮಂತ್ರ ತಪ್ಪುತ್ತಿತ್ತು. ಲಾರಿ ಓಡಿಸುವಾಗ ಬರುತ್ತಿರಲಿಲ್ಲ. ಆ ಆಟವೂ ಈಚೆಗೆ ತಡೆತಡೆದು ನಡೆಯುತ್ತಿತ್ತು.

ಅಂಗಡಿಯ ಪ್ರವೀಣ್ ಕುಮಾರ್ ಎರಡು ಕಾರ್ಡು ತೋರಿಸಿದ. ವಿಡಿಯೋ ನೋಡುವುದಷ್ಟೇ ಆದರೆ ಒಂದು ಜಿಬಿಯ ಚಿಕ್ಕದು ಸಾಕು, ಅದಕ್ಕೆ ಫ್ಯಾನಿಲ್ಲ, ಸದ್ದಿಲ್ಲ. ಆಟ ಆಡುವವರಿದ್ದರೆ ಎರಡು ಜಿಬಿಯ, ಫ್ಯಾನಿರುವ ದೊಡ್ಡದು ಬೇಕು ಎಂದ. ನಾನು ದೊಡ್ಡದರ ಕಡೆ ಬೆರಳು ಮಾಡಿದೆ.

"ಮನ್ಯಾಗ ಆಟ ಆಡೋರು ಯಾರದಾರ? ನೀ ಏನ್ ಸಣ್ಣ ಹುಡುಗ ಏನಪ್ಪಾ?" ಎಂದು ಮಗಳು ನಕ್ಕಳು.

ಮೊಮ್ಮಗ ಆಡುತ್ತಾನೆ ಎಂದೆ. ಅವಳ ಮಗನಿಗೆ ಇನ್ನೂ ಹಲ್ಲು ಬಂದಿರಲಿಲ್ಲ.

ಮೊದಲು ಚಿಕ್ಕದನ್ನು ನೋಡೋಣವೆಂದು ಪ್ರವೀಣ್ ಅದನ್ನು ಕೂಡಿಸಿ ವಿಡಿಯೋ ಹಚ್ಚಿದ. ಎಲ್ಲಿಯೂ ನಿಲ್ಲಲಿಲ್ಲ. ಅಮರಮ್ಮ ವಿಭೂತಿ ಹಚ್ಚಿಕೊಂಡು, ಎಡಗೈಯಲ್ಲಿ ಲಿಂಗ ಹಿಡಿದು ಹಾಡುತ್ತಿದ್ದಳು. ಗಂಗಾಂಬಿಕಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹಾಡು ಮುಗಿಯಿತು. ಶಂಕ್ರಮ್ಮ ನಿಲ್ಲಿಸುವುದನ್ನು ಮರೆತು ಫೋನನ್ನು ಅಲ್ಲೇ ಇಟ್ಟು ಹೋಗಿರಬೇಕು. ತೆರೆಯ ಮೇಲೆ ನಮ್ಮ ಮನೆಯ ಜಂತಿಗಳು ಮಾತ್ರ ಉಳಿದವು. ಆಗ ಮಾತು ಕೇಳಿಸಿತು.

"ಏನ್ರೀ, ಎದಿ ಹಿಡದಂಗ ಆಗೇತಿ. ಸ್ವಲ್ಪ ಈಚಿ ಬರ್ರಿ."

"ತಡಿ, ಈ ಲಾರಿ ಒಂದು ಮುಟ್ಲಿ."

ಎರಡನೆಯದು ನನ್ನ ದನಿ. ಅವಳು ಮತ್ತೊಮ್ಮೆ ಕರೆದಳು. ಆಟದ ಹಾರ್ನಿನ ಸದ್ದಷ್ಟೇ ಬಂತು.

ಆ ಪೂಜೆಯ ಮಾರನೆಯ ದಿನ ರಾಯಚೂರಿನ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲಿ ಅವಳು ಹೋಗಿಬಿಟ್ಟಿದ್ದಳು. ಎದೆನೋವನ್ನು ಅವಳು ಯಾರಿಗೂ ಹೇಳಲೇ ಇಲ್ಲವೆಂದು, ಮಾತಾಡಿಸಲು ಬಂದವರಿಗೆಲ್ಲ, ಮಗಳಿಗೂ, ನಾನು ಹೇಳಿದ್ದೆ.

ಪ್ರವೀಣನಿಗೆ ಇದೇನೂ ತಿಳಿಯದು. ಚಿಕ್ಕದೇ ಸಾಕಲ್ಲವೇ ಎಂದು ತೆಲುಗಿನಲ್ಲಿ ಕೇಳಿದ. ಸಾಕು ಎಂದಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಅವಳ ದನಿ ಕೇಳಿದ ಮೇಲೆ ಇನ್ನೊಂದು ಸುಳ್ಳು ನಾಲಿಗೆಗೆ ಬರಲಿಲ್ಲ.

"ದೊಡ್ಡದು ನನಗಽ ಬೇಕಾಗಿತ್ತವ್ವಾ. ಈಗ್ಲೂ ಅದಽ ಆಟ ಆಡ್ತೀನಿ," ಎಂದೆ.

ಮಗಳು ನನ್ನ ಕಡೆ ನೋಡದೆ ದೊಡ್ಡದನ್ನೇ ಕೂಡಿಸಲು ಪ್ರವೀಣನಿಗೆ ಹೇಳಿ, ಪೆನ್‌ಡ್ರೈವನ್ನು ಕಿತ್ತು ತನ್ನ ಚೀಲದಲ್ಲಿ ಹಾಕಿಕೊಂಡಳು.

"ಅವ್ವ ನನ್ನ ಕಡಿ ಇರ್ಲಿ," ಎಂದಳು.

ಕೊಡು ಎಂದು ಕೇಳುವ ಮುಖ ನನಗಿರಲಿಲ್ಲ.