ಎಡ್ವಾನಿಯೊನ ಎಡ ಮಂಡಿ

ಬುಧವಾರ ಮಧ್ಯಾಹ್ನ ರೇಡಿಯೊದವನು ಆ ಸುದ್ದಿ ಎತ್ತಿದ. "ನಮ್ಮ ಎಂಟನೇ ನಂಬರ್ ಎಡ್ವಾನಿಯೊನ ಎಡ ಮಂಡಿ ಕೈಕೊಟ್ಟಿತ್ತಂತೆ. ಯಾರಿಗಾದ್ರೂ ಗೊತ್ತಿತ್ತಾ? ನನಗೆ ನಂಬಿಕಸ್ತರು ಹೇಳಿದ್ರು" ಎಂದು ನಕ್ಕು ಸೋಪಿನ ಜಾಹೀರಾತು ಹಾಕಿದ. ಕಿಶಾದಾ ಊರಿನಲ್ಲಿ ಆ ರೇಡಿಯೊ ಕೂಗದ ಅಂಗಡಿಯೇ ಇಲ್ಲ. ಎಡ್ವಾನಿಯೊ ಅದನ್ನು ಕೇಳಿದ್ದು ಕ್ಷೌರದ ಕುರ್ಚಿಯಲ್ಲಿ, ಗಲ್ಲದ ತುಂಬ ನೊರೆ ಹಚ್ಚಿಸಿಕೊಂಡು. ಅರ್ಧ ಕ್ಷೌರಕ್ಕೇ ಎದ್ದುಬಿಟ್ಟ.

ಭಾನುವಾರ ರಾಜಧಾನಿಯ ತಂಡದೊಡನೆ ಫುಟ್‌ಬಾಲ್ ಪಂದ್ಯ. ರೆಸೀಫೆ ನಗರದ ದೊಡ್ಡ ಕ್ಲಬ್ಬಿನವರು ಅವನನ್ನು ನೋಡಲೆಂದೇ ಬರುವವರಿದ್ದರು. ಹದಿನೈದಕ್ಕೆ ಮನೆ ಬಿಟ್ಟು, ಸಾವೊ ಪೌಲೊ ಕಡೆಯ ಸಣ್ಣಪುಟ್ಟ ಕ್ಲಬ್ಬುಗಳ ಹಾಸ್ಟೆಲ್ಲುಗಳಲ್ಲಿ ತಿಗಣೆ ಕಚ್ಚಿಸಿಕೊಂಡು, ಪೋರ್ಚುಗಲ್ಲಿನಲ್ಲಿ ಒಂದು ಚಳಿಗಾಲವೆಲ್ಲ ಬೆಂಚು ಕಾದು, ಕೊನೆಗೆ ಊರಿನ ಕ್ಲಬ್ಬಿಗೇ ಮರಳಿದ ಮಿಡ್‌ಫೀಲ್ಡರ್ ಅವನು. ಈಗ ಮೂವತ್ತಮೂರು. ಈ ಸಲ ತಪ್ಪಿದರೆ ಇನ್ನು ಯಾವ ಪುಣ್ಯಾತ್ಮನೂ ನೋಡಲು ಬರುವುದಿಲ್ಲ. ಅದಕ್ಕೇ ಗುಟ್ಟಾಗಿ ಇಂಜೆಕ್ಷನ್ ಹಾಕಿಸಿಕೊಂಡು ಆಡುತ್ತಿದ್ದ. ಹೆತ್ತ ತಾಯಿಗೂ "ಮಂಡಿ ಪೂರ್ತಿ ವಾಸಿಯಾಯ್ತಮ್ಮ" ಎಂದುಬಿಟ್ಟಿದ್ದ.

ನಿಜ ಗೊತ್ತಿದ್ದವರು ಇಬ್ಬರೇ. ಮಾಲೀಷು ಮಾಡುವ ಮುದುಕ ಓಲಾವೊ, ಸತ್ತರೂ ಬಾಯಿ ಬಿಡುವ ಪೈಕಿಯಲ್ಲ. ಇನ್ನೊಬ್ಬ ಕ್ಲೇಬ್ಸನ್. ಪಂದ್ಯದ ಹಿಂದಿನ ದಿನ ಆಟಗಾರರನ್ನೆಲ್ಲ ಹೋಟೆಲಿನಲ್ಲಿ ಕೂಡಿಹಾಕುತ್ತಾರಲ್ಲ, ಆಗ ಎಡ್ವಾನಿಯೊನ ಕೋಣೆಯಲ್ಲಿ ಮಲಗುವವನು ಅವನೇ. ಇವನು ಮಂಡಿಗೆ ಮಂಜುಗಡ್ಡೆ ಕಟ್ಟಿಕೊಳ್ಳುವುದನ್ನು ಕಣ್ಣಾರೆ ಕಂಡಿದ್ದ. ಹುಡುಗನಿಗೆ ವಯಸ್ಸು ಇಪ್ಪತ್ತೊಂದು. ಆಡುವ ಜಾಗವೂ ಎಡ್ವಾನಿಯೊನದೇ. ಇವನು ಬೆಂಚಿನಲ್ಲಿ ಕೂತರೆ ಅವನು ಮೈದಾನಕ್ಕಿಳಿಯುತ್ತಾನೆ. ಇನ್ನೇನು ಬೇಕು ಪುರಾವೆ?

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಗುರುವಾರ ಅಭ್ಯಾಸಕ್ಕೆ ಬಂದಾಗ ಕ್ಲೇಬ್ಸನ್ ಗೋಡೆಯ ಕಡೆ ತಿರುಗಿ ಫೋನಿನಲ್ಲಿ ಪಿಸುಗುಡುತ್ತಿದ್ದ. ಇವನನ್ನು ಕಂಡದ್ದೇ ಫೋನು ಜೇಬಿಗಿಟ್ಟ. ಯಾರೊಡನೆ ಮಾತಾಡುತ್ತಿದ್ದನೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಎಡ್ವಾನಿಯೊಗೆ ಮಾತ್ರ ಆಗಲೇ ಎಲ್ಲ ಗೊತ್ತಾಗಿಹೋಯಿತು.

"ಯಾರಪ್ಪಾ ಅದು, ರೇಡಿಯೊದವನಾ?"

"ಏನಣ್ಣಾ?"

"ಏನಿಲ್ಲ. ನಿನ್ ಮುಖ ಯಾಕೋ ಫಳಫಳ ಅಂತಿದೆ ಇವತ್ತು."

"ಬಿಸ್ಲಲ್ವಾ ಅಣ್ಣಾ. ಕೊಡಿ, ನಿಮ್ ಬ್ಯಾಗ್ ನಾನು ಹೊತ್ಕೊಳ್ತೀನಿ. ಮಂಡಿಗೆ ಯಾಕೆ ಸುಮ್ನೆ ಭಾರ."

"ನನ್ ಮಂಡಿ ಸುದ್ದಿ ನಿನಗ್ಯಾಕೋ?"

ಹುಡುಗ ಪೆಚ್ಚಾಗಿ ಕೈ ಹಿಂದೆಗೆದ. ಎಷ್ಟು ಚೆನ್ನಾಗಿ ನಟಿಸುತ್ತಾನೆ ಎಂದುಕೊಂಡ ಎಡ್ವಾನಿಯೊ.

ಅಷ್ಟರಲ್ಲಿ ಕೋಚ್ ಜೆನಿವಾಲ್ ಬಂದ. ಆಟಗಾರರ ಬಾಯಲ್ಲಿ ಅವನು ಪ್ರೊಫೆಸರ್. "ರೇಡಿಯೊ ಕೇಳ್ದೆ" ಎಂದಷ್ಟೇ ಹೇಳಿ, ಪಂದ್ಯಕ್ಕಿಳಿಯುವ ಹನ್ನೊಂದು ಮಂದಿ ತೊಡುವ ಕಿತ್ತಳೆ ಬನಿಯನ್ನನ್ನು ಕ್ಲೇಬ್ಸನ್ ಕೈಗೆ ಕೊಟ್ಟ. "ಸುಮ್ನೆ ಒಂದ್ಸಲ ನೋಡೋಣ ಅಂತ, ತಲೆ ಕೆಡಿಸ್ಕೋಬೇಡ" ಎಂದು ಎಡ್ವಾನಿಯೊನ ಬೆನ್ನು ತಟ್ಟಿದ. ಅದನ್ನು ತೊಡುವಾಗ ಕ್ಲೇಬ್ಸನ್‌ನ ತುಟಿಯಲ್ಲಿ ನಗು ಮಿಂಚಿತೆಂದು ಎಡ್ವಾನಿಯೊ ಆಣೆ ಇಟ್ಟು ಹೇಳುತ್ತಾನೆ. ಮಿಂಚದೆ ಇನ್ನೇನು? ಆ ಪ್ರಾಯದಲ್ಲಿ ಆ ಬನಿಯನ್ನು ಸಿಕ್ಕರೆ ಯಾರಾದರೂ ಅಳುತ್ತಾರೆಯೇ?

ಅಭ್ಯಾಸ ಮುಗಿಯುವ ಹೊತ್ತಿಗೆ ಚೆಂಡು ಇಬ್ಬರ ನಡುವೆ ಬಿತ್ತು. ಎಡ್ವಾನಿಯೊ ಚೆಂಡನ್ನು ನೋಡಲೇ ಇಲ್ಲ. ಕ್ಲೇಬ್ಸನ್‌ನ ಕಣಕಾಲು ಲಟಕ್ಕೆಂದದ್ದು ಗೋಲಿನ ಬಳಿ ಇದ್ದವರಿಗೂ ಕೇಳಿಸಿತು.

"ಚೆಂಡಿಗೇ ಹೋಗಿದ್ದು, ಪ್ರೊಫೆಸರ್" ಎಂದ ಎಡ್ವಾನಿಯೊ. ಇಬ್ಬರು ಓಡಿ ಸ್ಟ್ರೆಚರ್ ತಂದರು. ಅದರ ಮೇಲೆ ಮಲಗಿಸಿದಾಗ ಹುಡುಗ ಹಲ್ಲು ಕಚ್ಚಿಕೊಂಡು, "ಅಣ್ಣಾ, ನಾನೇನ್ ಮಾಡ್ದೆ ನಿಮಗೆ?" ಎಂದು ಕೇಳಿದ.

"ಇನ್ಯಾರಿದಾರೆ, ಭಾನುವಾರ ನೀನೇ ಆಡು" ಎಂದು ಪ್ರೊಫೆಸರ್ ಎಡ್ವಾನಿಯೊಗೆ ಹೇಳಿದ, ಮುಖ ಆ ಕಡೆ ತಿರುಗಿಸಿಕೊಂಡು.

ಮಾಡಿದ್ದುಣ್ಣೋ ಮಹಾರಾಯ, ಎಂದು ಮನೆಯ ದಾರಿಯುದ್ದಕ್ಕೂ ಹೇಳಿಕೊಂಡ ಎಡ್ವಾನಿಯೊ. ಚಾಡಿ ಹೇಳುವ ಮುಂಚೆ ಯೋಚಿಸಬೇಕಿತ್ತು ಅವನು. 

"ಆಶೀರ್ವಾದ ಮಾಡಮ್ಮಾ" ಎಂದ ಹೊಸ್ತಿಲಲ್ಲೇ.

"ದೇವರು ಒಳ್ಳೇದು ಮಾಡ್ಲಿ ಮಗನೇ. ಕೂತ್ಕೋ." ತಾಯಿ ಲಿಂಡಾಲ್ವಾ ಜೋಳದ ಹಿಟ್ಟನ್ನು ಹಬೆಗಿಟ್ಟು ಕಾಫಿ ಸೋಸುತ್ತಿದ್ದಳು. "ಬೈಯಲ್ಲ ಅಂದ್ರೆ ಒಂದ್ಮಾತು ಹೇಳ್ತೀನಿ. ಸೋಮವಾರ ಕನಿಂಡೆಯ ಚರ್ಚಿಗೆ ಹೋಗ್ಬಂದೆ."

"ಯಾಕೆ?"

"ಯಾಕೆ ಅಂದ್ರೆ? ನಿನ್ ಮಂಡಿ ವಾಸಿಯಾದ್ರೆ ಸಂತ ಫ್ರಾನ್ಸಿಸ್‌ಗೆ ಮರದ ಕಾಲು ಒಪ್ಪಿಸ್ತೀನಿ ಅಂತ ಹರಕೆ ಹೊತ್ತಿದ್ದೆ. ವಾಸಿಯಾಯ್ತು ಅಂದ್ಯಲ್ಲ. ಹರಕೆ ಬಾಕಿ ಇಟ್ಕೊಳ್ಳೋಕಾಗುತ್ತಾ? ಬಡಗಿ ಹತ್ರ ಚೆನ್ನಾಗಿ ಕೆತ್ತಿಸಿ, ನಿಮ್ ಕ್ಲಬ್ಬಿನ ಬಣ್ಣ ಬಳಿಸಿ, ನಿನ್ ಹೆಸ್ರು, ಎಂಟು ನಂಬರು ಎಲ್ಲಾ ಬರೆಸಿದ್ದೆ. ಹರಕೆ ಒಪ್ಪಿಸೋ ಪವಾಡದ ಕೋಣೇಲಿ ಎಲ್ರಿಗೂ ಕಾಣೋ ಹಾಗೆ ನೇತುಹಾಕಿ ಬಂದೆ. ರೇಡಿಯೊದ ಆ ದಪ್ಪಗಿನೋನೂ ಅಲ್ಲೇ ಇದ್ದ. ಯಾವ ಮಂಡಿ ತಾಯೀ ಅಂದ. ಎಡಗಡೇದು ಅಂದೆ. ಎಷ್ಟು ಖುಷಿಪಟ್ಟ ಗೊತ್ತಾ."

ಅವಳು ಕೊಟ್ಟ ಕಾಫಿ ಲೋಟವನ್ನು ಎಡ್ವಾನಿಯೊ ಕುಡಿಯದೆ ಕೆಳಗಿಟ್ಟ. 

"ನಿಮ್ ಕ್ಲೇಬ್ಸನ್ ಕಾಲು ಮುರೀತಂತಲ್ಲ, ಪಕ್ಕದ್ಮನೆಯೋರು ಅಂದ್ರು. ಪಾಪ, ಅವನಿಗೂ ಒಂದು ಹರಕೆ ಹೊರ್ತೀನಿ. ಯಾವ ಪಾಪಿ ಒದ್ದಿದ್ದೋ."

"ನಾನೇ ಅಮ್ಮಾ." ಎಡ್ವಾನಿಯೊ ಎದ್ದು ನಿಂತ. "ಬೇಕೂಂತ ಒದ್ದೆ. ಮಂಡೀನೂ ವಾಸಿಯಾಗಿಲ್ಲ. ನಿನಗೆ ಸುಳ್ಳು ಹೇಳ್ದೆ."

ಲಿಂಡಾಲ್ವಾ ಒಲೆ ಆರಿಸಿ ಗೋಡೆಗೊರಗಿ ನಿಂತಳು.

"ಆಗದೇ ಇರೋ ಪವಾಡಕ್ಕೆ ಮೊಣಕಾಲೂರಿ ಅತ್ತು ಬಂದೆನಲ್ಲೋ. ಸಂತನ ಮುಂದೆ ನನ್ನ ಸುಳ್ಳುಗಾತಿ ಮಾಡ್ಬಿಟ್ಯಲ್ಲೋ." ಆಮೇಲೆ ಹೆಗಲ ಮೇಲಿದ್ದ ಒರೆಸುವ ಬಟ್ಟೆಯಲ್ಲಿ ಕಣ್ಣೊರೆಸಿಕೊಂಡು, "ಆ ಹುಡುಗನ ಹರಕೆ ನಾನು ಹೊರಲ್ಲ. ನೀನೇ ಹೊರು" ಎಂದಳು.

ಎಡ್ವಾನಿಯೊ ಅಂಗಳಕ್ಕೆ ಹೋಗಿ ಪ್ರೊಫೆಸರ್‌ಗೆ ಫೋನು ಮಾಡಿದ. ರೆಸೀಫೆಯವರು ಬರುವುದು ನೆನಪಾಗಿ ಅಳು ಬಂತು. ಆದರೂ ಹೇಳಿದ. "ನನ್ ಮಂಡಿ ಆಗಲ್ಲ, ಪ್ರೊಫೆಸರ್. ಭಾನುವಾರ ನನ್ನ ಬಿಟ್ಬಿಡಿ."

 "ಹಾಗಾದ್ರೆ ನಿನ್ ಜಾಗದಲ್ಲಿ ಯಾರನ್ನ ಆಡಿಸ್ಲಯ್ಯಾ?" ಎಂದ ಪ್ರೊಫೆಸರ್.

 ಆ ಜಾಗದಲ್ಲಿ ಆಡಬಲ್ಲವನನ್ನು ಎಡ್ವಾನಿಯೊನೇ ಆಸ್ಪತ್ರೆಗೆ ಕಳಿಸಿದ್ದ.